ನಂಬಿಕೆಯವರಿಗೆ ಬಿನ್ನವತ್ತಳೆ

ಮಾನ್ಯ ನಂಬಿಕೆಯವರೇ,

ಊರ ಸಮಸ್ತರ ಪರವಾಗಿ ಈ ಶಾಲು, ಹಾರ, ಹಣ್ಣಿನ ಬುಟ್ಟಿ. ತಮ್ಮ ಉಪಕಾರಕ್ಕೆ ಇದು ಏನೇನೂ ಸಾಲದು. ಯಾರು ಏನೇ ಮಾಡಿಬರಲಿ, ‘ನನ್ನ ಹೆಸರಿಗೆ ಬರೆದುಕೊಳ್ಳಿ’ ಎಂದು ಮುಂದೆ ಬರುವ ಇಂಥ ಜಾಮೀನುದಾರರು ಈಗ ಎಲ್ಲಿ ಸಿಗುತ್ತಾರೆ? ಸೊಸೈಟಿಯಲ್ಲಿ ಐದು ಸಾವಿರದ ಸಾಲಕ್ಕೆ ಸಹಿ ಹಾಕು ಎಂದರೆ ಸ್ವಂತ ಭಾವಮೈದುನನೇ ಮೀನಮೇಷ ಎಣಿಸುತ್ತಾನೆ. ತಾವು ಕಾಗದ ಓದಿಯೂ ನೋಡುವುದಿಲ್ಲ.

2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ತಾವು ತೋರಿದ ಔದಾರ್ಯವನ್ನು ಹೇಗೆ ಮರೆಯುವುದು? ದಲಿತ ಕುಟುಂಬವೊಂದು ಮಗುವಿನ ಹುಟ್ಟುಹಬ್ಬವೆಂದು ಆಂಜನೇಯನ ಗುಡಿಯ ಹೊರಗೇ ನಿಂತು ಕೈಮುಗಿಯುತ್ತಿತ್ತು. ಹನಿ ಬಿತ್ತು. ಎರಡು ವರ್ಷದ ಮಗು ಒಳಗೆ ಓಡಿತು. ಅಷ್ಟೇ. ಹಿರಿಯರು ಸಭೆ ಸೇರಿದರು, ಗುಡಿಯ ಶುದ್ಧಿಗೆ 25 ಸಾವಿರ ರೂಪಾಯಿ ಕೊಡಿ ಎಂದರು. ಹೆಜ್ಜೆಗಿಷ್ಟು ಎಂದು ಲೆಕ್ಕ ಹಾಕಿದರೆ, ಮೈಲಿಗೆ ಇಷ್ಟು ಎಂದು ಬಿಲ್ಲು ಬರೆಯುವ ರಸ್ತೆ ಗುತ್ತಿಗೆದಾರರೂ ನಾಚಬೇಕು. ಹಣ್ಣೆಂದು ಸೂರ್ಯನನ್ನೇ ಹಿಡಿಯಲು ಹಾರಿದ ಮಗುವೊಂದು ಅದೇ ಗುಡಿಯ ಒಳಗೆ ಮೂರ್ತಿಯಾಗಿ ನಿಂತಿದೆ. ಅದಕ್ಕೆ ಯಾರೂ ದಂಡ ಹಾಕಿದಂತಿಲ್ಲ. ಪೊಲೀಸರು ಐವರನ್ನು ಹಿಡಿದರು. ತಮ್ಮನ್ನು ಮಾತ್ರ ಯಾರೂ ಠಾಣೆಗೆ ಕರೆಯಲಿಲ್ಲ. ಸಹಿ ತಮ್ಮದೇ ಇದ್ದರೂ.

ಮರುವರ್ಷ ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿ ದರ ಏರಿತು. ದೇವರ ಉತ್ಸವದ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ್ದಕ್ಕೆ 60 ಸಾವಿರ. ಬೆಲೆಯೇರಿಕೆಯ ಕಾಲ, ದೇವರಿಗೂ ಖರ್ಚಿರುತ್ತದೆ. ಆದರೆ ಆ ಮನೆಯವರು ಗೋಡೆಯ ಮೇಲಿನ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರರ ಪಟ ಹಾಕಿಕೊಂಡರು. ಕೃತಘ್ನರು. ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ತಮ್ಮ ನಿಷ್ಪಕ್ಷಪಾತವನ್ನೂ ಹೊಗಳಬೇಕು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದಕ್ಕೆ ಕೀಟನಾಶಕ ಬಿತ್ತು, 17 ಜನ ಹೋದರು. ದೇವಸ್ಥಾನದ ಆಡಳಿತ ಯಾರ ಕೈಲಿರಬೇಕು ಎಂಬ ಜಗಳ ಅದರ ಹಿಂದಿತ್ತು ಎಂದರು ಪೊಲೀಸರು. ತಟ್ಟೆಯೊಡ್ಡಿ ಉಂಡವರ ಜೊತೆ ತಾವಿದ್ದಿರಿ. ಬೆರೆಸಿದ ಕೈಯ ಜೊತೆಯೂ ತಾವಿದ್ದಿರೋ, ಬರೀ ಲೆಕ್ಕದ ಪುಸ್ತಕವಿತ್ತೋ? ತಾವು ಬಾಯಿ ಬಿಡುವವರಲ್ಲ.

ತಮ್ಮಿಂದ ಉಪಕೃತರಾದವರಲ್ಲಿ ವಿಚಾರವಾದಿಗಳೂ ಇದ್ದಾರೆ (ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ). ದಂಡ ಬರೆದ ಯಜಮಾನರ ಹೆಸರೆತ್ತಿದರೆ ನಾಳೆ ಸಂತೆಯಲ್ಲಿ ಮುಖ ಕೊಟ್ಟು ಮಾತಾಡಬೇಕು, ನೀರಿನ ಸರದಿ ತಪ್ಪಬಹುದು. ತಮ್ಮನ್ನು ಬೈದರೆ ಆ ತೊಂದರೆಯಿಲ್ಲ. ವೇದಿಕೆ, ಮೈಕು, ಚಪ್ಪಾಳೆ, ಮೇಲೆ ಪ್ರಯಾಣ ಭತ್ಯೆ. ಯಜಮಾನರೂ ಮುಂದಿನ ಸಾಲಿನಲ್ಲೇ ಕೂತು ಹೌದೌದು ಎನ್ನುತ್ತಾರೆ.

ಇನ್ನು ಪ್ರಕರಣ ಪತ್ರಿಕೆಗೆ ಬಂದ ದಿನ ತಾವು ಆಡುವ ಜಾಣ್ಮೆಯ ಮಾತು: ‘ಅದು ನಾನಲ್ಲ, ದಾಯಾದಿ ಮೂಢನಂಬಿಕೆ.’ ಇಬ್ಬರದೂ ಒಂದೇ ಮನೆ, ಒಂದೇ ಒಲೆ, ಒಂದೇ ರೇಷನ್ ಕಾರ್ಡು. ಸಿಕ್ಕಿಬಿದ್ದಾಗ ಮಾತ್ರ ಪಾಲಾಗುತ್ತದೆ.

ಸನ್ಮಾನ ಭಾನುವಾರ ಸಂಜೆ, ಗುಡಿಯ ಮುಂದಿನ ಕಟ್ಟೆಯಲ್ಲಿ. ಒಂದೇ ವಿನಂತಿ. ಶಾಲು ಹೊದಿಸಲು ಯಾರು ಹತ್ತಿರ ಬರಬಹುದು, ಯಾರು ದೂರ ನಿಲ್ಲಬೇಕು ಎಂಬುದನ್ನು ಶನಿವಾರದೊಳಗೆ ತಿಳಿಸಿದರೆ ಅನುಕೂಲ. ಸಮಿತಿಯಲ್ಲಿ ಎಲ್ಲ ಕೇರಿಯವರೂ ಇದ್ದಾರೆ, ಶುದ್ಧಿಗೆಂದು ನಾವು ದುಡ್ಡು ಎತ್ತಿಟ್ಟಿಲ್ಲ.