ಮಳೆ ಬಾರದ ಊರಲ್ಲಿ ತೇವದ ದೂರು

ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ ಅದು ಒಳ್ಳೆಯ ವರ್ಷ. ಶೇಂಗಾ ಬಿತ್ತಿ ಎಲ್ಲರೂ ಮೋಡ ನೋಡುತ್ತಿದ್ದ ಜುಲೈ ಮಧ್ಯಾಹ್ನ, ನ್ಯೂಜೆರ್ಸಿಯಿಂದ ಬಂದಿಳಿದ ಹಳೆಯ ವಿಡಿಯೊ ಕ್ಯಾಮೆರಾ ‘ಸಿ:21’ ಎಂದು ಮಿಣುಕಿ ಸುಮ್ಮನಾಯಿತು. ಅದನ್ನು ರಿಪೇರಿಗೆಂದು ಹೊತ್ತು ತಂದ ಮಗ ಕೈಪಿಡಿ ತಿರುವಿದ: ಒಳಗೆ ತೇವ ಕೂತಿದೆ, ಆರುವವರೆಗೆ ಮುಟ್ಟಬೇಡಿ.

“ಇಡೀ ತಾಲ್ಲೂಕಲ್ಲಿ ತೇವ ಇರೋದು ಇದೊಂದರ ಹೊಟ್ಟೇಲೇ ಕಣಪ್ಪ,” ಎಂದರು ತಾಯಿ.

ದೂರು ಸುಳ್ಳೂ ಇರಲಾರದು. ಈ ಜಾತಿಯ ಕ್ಯಾಮೆರಾದೊಳಗೆ ಹೆಡ್ ಇರುವ ಉರುಳೆಯೊಂದು ನಿಮಿಷಕ್ಕೆ 1800 ಸುತ್ತು ಗಿರಗುಟ್ಟುತ್ತದೆ. ಅದರ ಮೇಲೆ ಹನಿ ಕೂತರೆ ಟೇಪು ಅಂಟಿ ಹರಿಯುತ್ತದೆ. ಅದಕ್ಕೇ ಯಂತ್ರ ಮೊದಲೇ ಬೀಗ ಹಾಕಿಕೊಳ್ಳುವುದು. ಆದರೆ ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹೂತಿಟ್ಟರೂ ಬೀಗ ತೆಗೆಯಲಿಲ್ಲ. ನಾಲ್ಕನೆಯ ದಿನದ ಅನ್ನಕ್ಕೆ ರಬ್ಬರ್ ವಾಸನೆ ಇತ್ತೆಂದು ಮೊಮ್ಮಕ್ಕಳ ತಕರಾರು.

ಅಮೆರಿಕದಲ್ಲಿ ರಿಪೇರಿ ಕೂಲಿ ಕೇಳಿದರೆ ಹೊಸದನ್ನೇ ಕೊಳ್ಳೋಣ ಅನ್ನಿಸುತ್ತದೆ. ಹೊಸದು ಕೊಂಡರೆ ಹಳೆಯ 8 ಮಿ.ಮೀ. ಕ್ಯಾಸೆಟ್ಟು ಅದರೊಳಗೆ ಹೋಗುವುದಿಲ್ಲ. ‘ನಮ್ಮೂರಲ್ಲಿ ಆಗದ ರಿಪೇರಿ ಇಲ್ಲ’ ಎಂಬುದು ಹೊರನಾಡ ಕನ್ನಡಿಗನ ಕೊನೆಯ ದೇಶಭಕ್ತಿ. ಅದನ್ನೇ ನಂಬಿ ಆತ ಕ್ಯಾಮೆರಾವನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದ.

ಟೇಪಿನಲ್ಲಿ ಏನಿದೆ? 2000ದಲ್ಲಿ ಮೊಳಕಾಲ್ಮುರಿನಲ್ಲಿ ನಡೆದ ತಮ್ಮ ಮದುವೆ, ಎರಡು ಗಂಟೆ, ಎಂದು ಗಂಡ. “ಎಲ್ಲಿಯ ಎರಡು ಗಂಟೆ? ಆಫ್ ಮಾಡೋದು ಮರೆತು ಅರ್ಧ ಗಂಟೆ ನಿಮ್ಮ ಚಪ್ಪಲೀನೇ ತೆಗೆದಿದ್ದೀರಿ,” ಎಂದು ಹೆಂಡತಿ. ಚಪ್ಪಲಿ ಆದಮೇಲೆ ಹತ್ತೇ ನಿಮಿಷ ಅವಳಪ್ಪನ ಮಗ್ಗ: ಲಾಳಿ ಓಡುವ ಸದ್ದು, ಅಂಚಿನಲ್ಲಿ ಎದ್ದು ಬರುವ ಜರಿ, “ಆ ಕಡೆ ನಿಲ್ರಿ ಅಳಿಯಂದ್ರೇ, ಬೆಳಕಿಗೆ ಅಡ್ಡ ಆಗ್ತದೆ” ಎಂಬ ಗದರಿಕೆ. ಅವಳಿಗೆ ಬೇಕಾದದ್ದು ಆ ಗದರಿಕೆ.

ಮದುವೆ ವಿಡಿಯೊ ತೆಗೆಯುವ ಹುಡುಗ ಸ್ಕ್ರೂ ಬಿಚ್ಚಿ ನೋಡಿ ಮುಚ್ಚಿದ. “ಅಣ್ಣಾ, ಕ್ಯಾಮೆರಾ ಬಿಡಿ. ಟೇಪ್ ಓಡಿದ್ರೆ ಸಾಕಲ್ವಾ? ಪೆನ್‌ಡ್ರೈವಿಗೆ ಹಾಕ್ಕೊಡ್ತೀನಿ.” ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಮಾತೆಂದರೆ ಅದೊಂದೇ. ಆದರೆ ಅವನ ಹಳೇ ಪ್ಲೇಯರು ನಮ್ಮ ಕಡೆಯ 625 ಗೆರೆಗಳ ಪ್ಯಾಲ್, ಟೇಪು ಅಮೆರಿಕದ 525 ಗೆರೆಗಳ ಎನ್‌ಟಿಎಸ್‌ಸಿ. ಚಳ್ಳಕೆರೆಯಲ್ಲಿ ಹುಟ್ಟಿದವನು ತೆಗೆದ ಮೊಳಕಾಲ್ಮುರು ಮದುವೆಯನ್ನು ಚಳ್ಳಕೆರೆಯ ಯಂತ್ರ ಓದಲಾರದು.

ಮನಸ್ಸು ಹಗುರಾಗಲೆಂದು ಎಲ್ಲರೂ ಮೊಳಕಾಲ್ಮುರು ಬಳಿಯ ಬ್ರಹ್ಮಗಿರಿಗೆ ಹೋದರು. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲಿದೆ. ಕ್ರಿಸ್ತಪೂರ್ವ ಮೂರನೇ ಶತಮಾನದ್ದು, ಬ್ಯಾಟರಿ ಬೇಡ. ಮೊಮ್ಮಗಳು ಫೋನು ನೋಡಿ ಹೇಳಿದಳು: ಬರೆದ ಚಪಡ ಎಂಬ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಉದ್ಯೋಗವನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿಯಲ್ಲಿ ಕೆತ್ತಿಸಿದ್ದಾನಂತೆ, ಬಲದಿಂದ ಎಡಕ್ಕೆ ಓದಬೇಕು. ಈ ಊರವರು ಯಾರು ಓದಿಯಾರೆಂದು ಅವನೂ ಯೋಚಿಸಿದಂತಿಲ್ಲ.

“ನೋಡ್ರೀ, ನಿಮ್ಮ ಎನ್‌ಟಿಎಸ್‌ಸಿ!” ಎಂದಳು ಹೆಂಡತಿ.

ಹೊರಡುವ ಹಿಂದಿನ ರಾತ್ರಿ ಕ್ಯಾಮೆರಾ ತಾನಾಗಿ ಬಾಯಿ ತೆರೆದು ಕ್ಯಾಸೆಟ್ಟನ್ನು ಉಗುಳಿ, ‘ಸಿ:31’ ಎಂದಿತು. ಕೈಪಿಡಿಯ ಪ್ರಕಾರ ಇದು ಮನೆಯವರೇ ನೋಡಿಕೊಳ್ಳಬಹುದಾದ ಕಾಯಿಲೆ. ಮತ್ತೆ ಸಭೆ ಸೇರಿತು. ಅಷ್ಟರಲ್ಲಿ ಸೂಟ್‌ಕೇಸು ತಕ್ಕಡಿ ಹತ್ತಿತ್ತು: 24 ಕಿಲೊ, ವಿಮಾನದವರು ಬಿಡುವುದು 23. ತಾಯಿ ಯಾರನ್ನೂ ಕೇಳದೆ ಕ್ಯಾಮೆರಾ ತೆಗೆದು ಬೀರುವಿನ ಮೇಲಿಟ್ಟರು. ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನು ಅಲ್ಲಾಡಿಸಲಿಲ್ಲ. ಸೊಸೆ ಕ್ಯಾಸೆಟ್ಟನ್ನು ಮೊಳಕಾಲ್ಮುರು ಸೀರೆಯ ಮಡಿಕೆಯೊಳಗೆ ತೂರಿಸಿ ಜಿಪ್ ಎಳೆದಳು. ನ್ಯೂಜೆರ್ಸಿಯ ಕನ್ನಡ ಗೆಳೆಯರಲ್ಲಿ ಯಾರದೋ ಅಟ್ಟದ ಮೇಲೆ ಇಂಥದೇ ಕ್ಯಾಮೆರಾ ಇದ್ದೇ ಇರುತ್ತದೆಂದು ಅವಳ ಲೆಕ್ಕ.

ತಕ್ಕಡಿ ಈಗ 22.9 ತೋರಿಸುತ್ತಿತ್ತು.