ಇಲ್ಲೇ ಪಕ್ಕದ ದೊಡ್ಡಮ್ಮ

ಬೆಂಗಳೂರಿನ ನೆಂಟರಿಗೆ ಹೆಸರಿರುವುದಿಲ್ಲ, ಬಡಾವಣೆ ಇರುತ್ತದೆ. ಗಿರಿನಗರದ ಚಿಕ್ಕಪ್ಪ, ಶ್ರೀನಗರದ ಅತ್ತೆ, ವಿಜಯನಗರದ ಭಾವ, ಮತ್ತೆ ಯಾರೂ ಹೋಗದ ಯಲಹಂಕದ ಮಾವ. ಮದುವೆಮನೆಯ ಬಾಗಿಲಲ್ಲಿ ತಾಂಬೂಲದ ಚೀಲ ಹಂಚುವವರೂ ‘ಶ್ರೀನಗರದವರಿಗೆ ಕೊಟ್ಟಾಯ್ತಾ?’ ಎಂದೇ ಕೇಳುತ್ತಾರೆ. ಈ ನಕ್ಷೆಯಲ್ಲಿ ದೂರ ಇದ್ದಷ್ಟು ದಿನ ನೀವು ಎಲ್ಲರಿಗೂ ಬೇಕಾದವರು. ಮನೆ ಬದಲಾಯಿಸಿ ಅವರಲ್ಲೊಬ್ಬರ ಹತ್ತಿರಕ್ಕೆ ಬಂದಿರೋ, ಆ ಒಬ್ಬರು ಇಲ್ಲೇ ಪಕ್ಕದ ದೊಡ್ಡಮ್ಮ ಆಗಿಬಿಡುತ್ತಾರೆ.

ಅವರ ಮನೆ ಕೋಣನಕುಂಟೆ ಕ್ರಾಸಿನಲ್ಲಿ ಎಂದಿಟ್ಟುಕೊಳ್ಳಿ, ನೀವು ಬಂದದ್ದು ವಾಜರಹಳ್ಳಿಗೆ. ಮೈಸೂರಿನವರು ಕುವೆಂಪುನಗರ, ರಾಮಕೃಷ್ಣನಗರ ಎಂದು ಓದಿಕೊಳ್ಳಬಹುದು. ಜಾಗ ಬದಲಾಗುತ್ತದೆ, ದೊಡ್ಡಮ್ಮ ಬದಲಾಗುವುದಿಲ್ಲ. ಮೊದಲು ಈ ಭಾಗದ ಜನಕ್ಕೆ ಒಂದು ನೆಮ್ಮದಿ ಇತ್ತು. ಹಸಿರು ಮಾರ್ಗದ ಮೆಟ್ರೊ 2017ರಲ್ಲಿ ಯಲಚೇನಹಳ್ಳಿವರೆಗೆ ಬಂದು ಅಲ್ಲೇ ನಿಂತಿತ್ತು. ಅಲ್ಲಿಂದ ಮುಂದೆ ಕನಕಪುರ ರಸ್ತೆ, ಕಾಮಗಾರಿ, ದೂಳು. ‘ಬರಬೇಕು ಅಂತಾನೇ ಇದ್ವಿ ದೊಡ್ಡಮ್ಮ, ಈ ಟ್ರಾಫಿಕ್ಕು...’ ಎಂದು ಎಳೆದರೆ ಸಾಕು, ಅವರೇ ‘ಹೌದಪ್ಪ, ಬರಬೇಡಿ’ ಎನ್ನುತ್ತಿದ್ದರು. 2021ರ ಜನವರಿಯಲ್ಲಿ ರೈಲು ರೇಷ್ಮೆ ಸಂಸ್ಥೆಯವರೆಗೆ ಓಡಿದ್ದೇ ತಡ, ಆ ರಸ್ತೆಯ ಉದ್ದಕ್ಕೂ ಜನ ಕಾಪಾಡಿಕೊಂಡು ಬಂದಿದ್ದ ನೆಪಗಳೆಲ್ಲ ಕುಸಿದುಬಿದ್ದವು. ವಾಜರಹಳ್ಳಿಗೂ ಕೋಣನಕುಂಟೆ ಕ್ರಾಸಿಗೂ ನಡುವೆ ಇರುವುದು ದೊಡ್ಡಕಲ್ಲಸಂದ್ರ ಒಂದೇ. ದೊಡ್ಡಮ್ಮನ ಲೆಕ್ಕದಲ್ಲಿ ಅದೂ ಇಲ್ಲ.

ಮನೆ ಬದಲಾಯಿಸುವ ಸುದ್ದಿಯನ್ನು ನೀವು ಅವರಿಗೆ ಹೇಳಬೇಕಾಗಿಯೇ ಇಲ್ಲ. ಅಡ್ವಾನ್ಸ್ ಕೊಟ್ಟು, 11 ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕಿ ಹೊರಗೆ ಬರುವಷ್ಟರಲ್ಲಿ ಫೋನು. ‘ಏನೋ, ಇಲ್ಲೇ ಪಕ್ಕಕ್ಕೆ ಬರ್ತಿದ್ದೀಯಂತೆ. ನಿಮ್ಮಮ್ಮ ಹೇಳಲಿಲ್ಲ ಬಿಡು, ನಮಗ್ಯಾಕೆ ಹೇಳ್ತಾಳೆ.’ ಸಂತೋಷ, ಆಕ್ಷೇಪಣೆ, ಅಮ್ಮನ ಮೇಲಿನ ಹಳೆಯ ದೂರು, ಮೂರೂ ಒಂದೇ ಉಸಿರಿನಲ್ಲಿ. ಆಷಾಢದಲ್ಲಿ ಸಾಮಾನು ಸಾಗಿಸುವವರಿಗೆ ಪ್ರತ್ಯೇಕವಾಗಿ ಇನ್ನೊಂದು ಫೋನು. ಬಾಡಿಗೆ ಮನೆಗೆ ಆಷಾಢ ಏನು ಮಾಡೀತು ಎಂದು ಕೇಳಿ ನೋಡಿ. ‘ಬಾಡಿಗೆ ಮನೇಲಿ ಇರೋರೇನು ಬಾಡಿಗೆ ಮನುಷ್ಯರಾ?’ ಇದಕ್ಕೆ ಎದುರುತ್ತರ ನನಗಂತೂ ಈವರೆಗೆ ಹೊಳೆದಿಲ್ಲ. ಹಾಲುಕ್ಕಿಸುವ ಬೆಳಿಗ್ಗೆ ಅವರು ಬರುವುದಿಲ್ಲ, ಮಂಡಿ ನೋವು. ವಿಡಿಯೊ ಕಾಲಿನಲ್ಲಿ ಬಂದು ಹಾಲು ಯಾವ ದಿಕ್ಕಿಗೆ ಉಕ್ಕಿತು ಎಂದು ವಿಚಾರಿಸುತ್ತಾರೆ. ಗ್ಯಾಸ್ ಇನ್ನೂ ಬಂದಿರುವುದಿಲ್ಲ. ಇಂಡಕ್ಷನ್ ಒಲೆ ಎರಡು ಹನಿ ಹಾಲು ಮೈಮೇಲೆ ಬೀಳುತ್ತಲೇ ಬೀಪ್ ಎಂದು ಆರಿಹೋಗಿರುತ್ತದೆ. ನಾವು ಪೂರ್ವಕ್ಕೆ ಎಂದು ವರದಿ ಒಪ್ಪಿಸುತ್ತೇವೆ.

ಚಿಕ್ಕವರು ಮೊದಲು ಹಿರಿಯರ ಮನೆಗೆ ಹೋಗಬೇಕು, ಅದರಲ್ಲಿ ಮಾತಿಲ್ಲ. ಯಾವಾಗ ಎಂಬುದೇ ಮಾತು. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬಿಡುವು ಅಂತ ಇರುವುದು ಭಾನುವಾರ ಸಂಜೆ. ಭಾನುವಾರದ ರಾಹುಕಾಲ ಇರುವುದೂ ಸಂಜೆ 4.30ರಿಂದ 6. ಹಿಂದಿನವರಿಗೆ ವೀಕೆಂಡ್ ಎಂಬುದೊಂದು ಬರುತ್ತದೆ ಅಂತ ಗೊತ್ತಿರಲಿಲ್ಲ, ಪಾಪ. ನಾಲ್ಕಕ್ಕೆ ಹೋದರೆ ದೊಡ್ಡಪ್ಪ ಮಲಗಿರುತ್ತಾರೆ. ಐದಕ್ಕೆ ರಾಹು. ಆರು ದಾಟಿಸಿಕೊಂಡು ಹೋದರೆ, ‘ದೀಪ ಹಚ್ಚೋ ಹೊತ್ತಿಗೆ ಬಂದಿದ್ದೀರಿ, ಊಟ ಹಾಕ್ದೆ ಕಳಿಸೋಕಾಗುತ್ತಾ?’ ನಾವು ಆರಕ್ಕೇ ಹೋಗುತ್ತೇವೆ. ಊಟ ಅಷ್ಟು ಚೆನ್ನಾಗಿರುತ್ತದೆ.

ಬಾಗಿಲು ತೆಗೆಯುವುದು ದೊಡ್ಡಪ್ಪ. ಬ್ಯಾಂಕಿನಿಂದ ನಿವೃತ್ತರು; ಸೋಫಾದ ಬಲತುದಿ ಅವರ ಹೆಸರಿಗೇ ಖಾತೆಯಾಗಿದೆ. ಇಡೀ ಸಂಜೆಗೆ ಅವರದು ಒಂದೇ ಪ್ರಶ್ನೆ: ‘ಯಾವ ಕಡೆಯಿಂದ ಬಂದ್ರಿ?’ ಇದಕ್ಕೆ ಸರಿಯುತ್ತರವನ್ನು ಯಾರೂ ಕಂಡುಹಿಡಿದಿಲ್ಲ. ಮೇನ್ ರೋಡಿನಲ್ಲಿ ಎಂದರೆ ‘ಛೆ, ವಸಂತಪುರದ ಒಳಗಿಂದ ಬರೋದಲ್ವಾ?’ ವಸಂತಪುರದ ಒಳಗಿಂದ ಎಂದರೆ ‘ಅಯ್ಯೋ, ಬರೀ ಹಂಪ್ಸು.’ ಮೆಟ್ರೊದಲ್ಲಿ ಎಂದರೆ ‘ಇಷ್ಟಕ್ಕೆ ಮೆಟ್ರೊ ಯಾಕೆ?’ ನಿಮ್ಮನ್ನು ಮೂರೂ ದಾರಿಯಲ್ಲಿ ಸೋಲಿಸಿದ ತೃಪ್ತಿಯಿಂದ ಪೇಪರು ಎತ್ತಿಕೊಳ್ಳುತ್ತಾರೆ.

ಅಷ್ಟರಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ದೊಡ್ಡಮ್ಮ ಬರುತ್ತಾರೆ. ಮೊದಲ ಮಾತು, ‘ಗಿರಿನಗರಕ್ಕೆ ಹೋಗಿದ್ರಂತೆ.’

ನೀವು ಯಾರಿಗೂ ಹೇಳಿರುವುದಿಲ್ಲ. ವಾಟ್ಸಾಪ್ ಸ್ಟೇಟಸ್ಸಿಗೆ ಮಗಳ ಫೋಟೊ ಒಂದು ಹಾಕಿದ್ದು ನಿಜ. ಆದರೆ ಫೋಟೊದ ತುಂಬ ಮಗಳೇ. ಕಿವಿಯ ಹಿಂದೆ ನಾಲ್ಕು ಬೆರಳಗಲ ಶೋಕೇಸು, ಅದರಲ್ಲೊಂದು ಚನ್ನಪಟ್ಟಣದ ಗೊಂಬೆ. ‘ಆ ಶೋಕೇಸಿನ ಗಾಜು ಅವರ ಗೃಹಪ್ರವೇಶದ ದಿನದಿಂದ ಮುಚ್ಚೋಲ್ಲ. ನನಗೆ ಗೊತ್ತಾಗೋಲ್ವಾ?’ ಪೊಲೀಸ್ ಇಲಾಖೆ ಇಂಥವರನ್ನು ಸುಮ್ಮನೆ ಸಾರಿನಪುಡಿ ಕುಟ್ಟಲು ಬಿಟ್ಟಿರುವುದು ನಾಡಿನ ನಷ್ಟ. ಯಾರು ಯಾರ ಮನೆಗೆ ಹೋದರು, ಅಲ್ಲಿ ಊಟವೋ ಬರೀ ಕಾಫಿಯೋ, ಎಲ್ಲ ಅವರ ನಾಲಗೆಯ ತುದಿಯಲ್ಲಿರುತ್ತದೆ. ಒಂದು ಊಟಕ್ಕೆ ಮೂರು ಕಾಫಿ ಸಮ. ಉಪ್ಪಿಟ್ಟು ಎಣಿಕೆಗೆ ಬರುವುದಿಲ್ಲ. ಗಿರಿನಗರದಲ್ಲಿ ಊಟ ಮಾಡಿಬಂದವರು ಇಲ್ಲಿ ಕಾಫಿಗೇ ಎದ್ದರೆ ಆ ಬಾಕಿ ಮುಂದಿನ ಮದುವೆಮನೆಯಲ್ಲಿ ಎಲ್ಲರೆದುರು ವಸೂಲಾಗುತ್ತದೆ. ಲೆಡ್ಜರ್ ಬರೆದೇ ವಯಸ್ಸು ಕಳೆದ ದೊಡ್ಡಪ್ಪನಿಗೂ ಒಮ್ಮೊಮ್ಮೆ ಲೆಕ್ಕ ಕೂಡುತ್ತಿರಲಿಲ್ಲವಂತೆ. ದೊಡ್ಡಮ್ಮನದು ತಪ್ಪಿದ್ದಿಲ್ಲ.

ಇಷ್ಟೆಲ್ಲದರ ನಡುವೆ ನಿಮ್ಮನ್ನು ನಿಜವಾಗಿ ಕಟ್ಟಿಹಾಕುವುದು ಡಬ್ಬಿ. ಹೊರಡುವಾಗ ಸಾರಿನಪುಡಿ ತುಂಬಿದ ಸ್ಟೀಲ್ ಡಬ್ಬಿ ಕೈಗೆ ಬರುತ್ತದೆ. ಮೇಲೆ ಅವರ ಹೆಸರು, ಯಾರದೋ ಉಪನಯನದ ತಾರೀಖು ಕೆತ್ತಿರುತ್ತದೆ. ಪ್ಲಾಸ್ಟಿಕ್ಕಿನದಾದರೆ ಮರೆತುಬಿಡಬಹುದಿತ್ತು, ಹೆಸರು ಕೆತ್ತಿಸಿದ್ದನ್ನು ಇಟ್ಟುಕೊಂಡರೆ ಅದು ಕಳವಿನ ಮಾಲು. ವಾಪಸು ಕೊಡಲೇಬೇಕು, ಖಾಲಿ ಕೊಡಬಾರದು, ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ನೀವು ಮರ್ಯಾದೆಗೆಂದು ಕೋಡುಬಳೆ ತುಂಬಿ ಒಯ್ಯುತ್ತೀರಿ. ಅವರು ಮುಚ್ಚಳ ತೆಗೆದು, ‘ಅಂಗಡೀದಾ?’ ಎಂದಷ್ಟೇ ಕೇಳಿ, ಒಳಗೆ ಹೋಗಿ ಅದೇ ಡಬ್ಬಿಗೆ ಚಟ್ನಿಪುಡಿ ತುಂಬಿ ನಿಮ್ಮ ಕೈಗೇ ಕೊಡುತ್ತಾರೆ. ಮನೆಯ ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಡಬ್ಬಿಯದಕ್ಕೆ ಅವಧಿ ನಮೂದಾಗಿಲ್ಲ.

ರವಿಕೆ ಕಣದ್ದು ಇನ್ನೊಂದು ಕಥೆ. ‘ಕುಂಕುಮ ತೊಗೊಂಡು ಹೋಗಮ್ಮ’ ಎಂದು ಎಲೆ ಅಡಿಕೆಯ ಜತೆ ಸೊಸೆಗೆ ಕೊಡುತ್ತಾರಲ್ಲ, ಅದು. ದೂರದ ನೆಂಟರಾದರೆ ಒಂದು ಕಣ ಊರೆಲ್ಲ ಸುತ್ತಿ ಹೊರಟ ಮನೆಗೆ ಮರಳಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಕೊಟ್ಟವರಿಗೆ ಮರೆತಿರುತ್ತದೆ. ಪಕ್ಕದಲ್ಲಿದ್ದರೆ ಮುಂದಿನ ಶುಕ್ರವಾರಕ್ಕೇ ತಿರುಗಿ ಬರುತ್ತದೆ. ಅದೇ ಗಿಳಿಹಸಿರು, ಅದೇ ಮಡಿಕೆ. ಇಬ್ಬರಿಗೂ ಗುರುತು ಹತ್ತುತ್ತದೆ. ಇಬ್ಬರೂ ‘ಬಣ್ಣ ಚೆನ್ನಾಗಿದೆ’ ಎನ್ನುತ್ತಾರೆ.

ಹೊರಟೆವು ಎಂದಮೇಲೂ ಹೊರಟಂತಲ್ಲ. ಮೂರು ಗಂಟೆ ಸೋಫಾದಲ್ಲಿ ಕೂತು ಮಾತಾಡಿದ್ದೆಲ್ಲ ಪೀಠಿಕೆ. ಯಾರ ಜಾತಕ ಯಾರಿಗೆ ಹೋಗಿದೆ, ಊರಿನ ಸೈಟು ಯಾರ ಹೆಸರಿಗೆ ಆಯಿತು ಎಂಬ ಮುಖ್ಯ ವಿಷಯ ಬರುವುದು ಲಿಫ್ಟಿನ ಎದುರು. ದೊಡ್ಡಮ್ಮ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಸೈಟಿನ ಅಳತೆಯಿಂದ ಶುರುಮಾಡುತ್ತಾರೆ. ಲಿಫ್ಟು ಕೂಗಿಕೊಳ್ಳುತ್ತದೆ. ಕೆಳಗಡೆಯಿಂದ ಯಾರೋ ಕಬ್ಬಿಣದ ಬಾಗಿಲು ಬಡಿಯುತ್ತಾರೆ.

ಇಷ್ಟಾದ ಮೇಲೆ ‘ನೀವೂ ಬನ್ನಿ ದೊಡ್ಡಮ್ಮ’ ಎಂದರೆ ‘ಬರ್ತೀನಪ್ಪ, ಈ ಮಂಡಿ ಒಂದು ಸರಿಹೋಗ್ಲಿ.’ ಇದೇ ಮಂಡಿ ತಿರುಮಲದ ಕ್ಯೂನಲ್ಲಾಗಲೀ ಬಸವನಗುಡಿ ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಾಗಲೀ ತಕರಾರು ತೆಗೆದದ್ದನ್ನು ಕಂಡವರಿಲ್ಲ. ಒಂದು ದಿನ ಫೋನೂ ಇಲ್ಲದೆ ಬರುತ್ತಾರೆ, ‘ಇಲ್ಲೇ ಬಂದಿದ್ದೆ, ಹಾಗೇ ನೋಡ್ಕೊಂಡು ಹೋಗೋಣ ಅಂತ.’ ಅವತ್ತು ಸೋಫಾದ ಮೇಲೆ ಒಣಗಿದ ಬಟ್ಟೆ ರಾಶಿ ಇರುತ್ತದೆ. ನೀರು ಬೇಕೆಂದು ತಾವೇ ಫ್ರಿಜ್ ತೆಗೆದು ಪ್ಯಾಕೆಟ್ ದೋಸೆಹಿಟ್ಟನ್ನು ನೋಡುತ್ತಾರೆ. ಬಾಲ್ಕನಿಗೆ ಹೋಗುತ್ತಾರೆ. ಅಲ್ಲಿ ಅವರ ಹೆಸರು ಕೆತ್ತಿದ ಡಬ್ಬಿಯ ತುಂಬ ಬಟ್ಟೆಯ ಕ್ಲಿಪ್ಪು. ದೊಡ್ಡಮ್ಮ ನಿಮಗೆ ಏನೂ ಅನ್ನುವುದಿಲ್ಲ. ಗಿರಿನಗರಕ್ಕೆ ಫೋನು ಮಾಡಿ ಅನ್ನುತ್ತಾರೆ.

ಮನೆ ಹುಡುಕುತ್ತಿರುವವರು ಬ್ರೋಕರ್ ಹತ್ತಿರ ನೀರು, ಪಾರ್ಕಿಂಗು, ಪವರ್ ಬ್ಯಾಕಪ್ಪು ಎಲ್ಲ ಕೇಳುತ್ತೀರಿ. ದೊಡ್ಡಮ್ಮನ ಮನೆ ಎಷ್ಟು ದೂರ ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿ. ನನ್ನ ಪ್ರಕಾರ ನಾಲ್ಕು ಸ್ಟೇಷನ್ ಸರಿಯಾದ ಅಂತರ. ಅದಕ್ಕಿಂತ ಹತ್ತಿರವಾದರೆ ವಾರವಾರ ಹಾಜರಿ ಹಾಕಬೇಕು, ಅದಕ್ಕಿಂತ ದೂರವಾದರೆ ಸಾರಿನಪುಡಿಯನ್ನು ಅಂಗಡಿಯಿಂದ ತರಬೇಕು.