ಕ್ರೆಡಿಟ್ ನೋಟಿನ ಯಾತ್ರೆ

ಹಾರನಹಳ್ಳಿಯ ನಿವೃತ್ತ ಮೇಷ್ಟ್ರು ಅಂಡಮಾನ್ ಪ್ರವಾಸಕ್ಕೆ ದುಡ್ಡು ಕಟ್ಟಿದ್ದರು. ಜನ ಸಾಲಲಿಲ್ಲವೆಂದು ಏಜೆಂಟನೇ ಪ್ರವಾಸ ರದ್ದು ಮಾಡಿದ. ಮೇಷ್ಟ್ರು ಅರಸೀಕೆರೆಗೆ ಬಸ್ಸು ಹತ್ತಿ ಅವನ ಅಂಗಡಿಗೇ ಹೋದರು.

“ದುಡ್ಡು ಎಲ್ಲಯ್ಯಾ?”

“ದುಡ್ಡಿಗಿಂತ ಒಳ್ಳೇದು ಕೊಡ್ತೀನಿ ಸಾರ್, ಕ್ರೆಡಿಟ್ ನೋಟು! ಹೊಯ್ಸಳ ಪ್ಯಾಕೇಜಿಗೆ ಬಳಸ್ಕೊಳ್ಳಿ. ಬೇಲೂರು, ಹಳೇಬೀಡು, ಹಾರನಹಳ್ಳಿ.”

“ಹಿತ್ತಲ ಬಾಗಿಲು ತೆಗೆದ್ರೆ ನನಗೆ 13ನೇ ಶತಮಾನದ ಸೋಮೇಶ್ವರ ದೇವಸ್ಥಾನ ಕಾಣುತ್ತೆ. ಅದನ್ನ ನೋಡೋಕೆ ನಿನಗೆ ದುಡ್ಡು ಕೊಡಬೇಕಾ?”

“ಗೈಡ್ ಇರ್ತಾರೆ ಸಾರ್.”

“ಆ ಗೈಡಿಗೆ ಪಾಠ ಹೇಳಿದ್ದೇ ನಾನು!”

ಏಜೆಂಟ್ ರಸೀದಿ ತಿರುಗಿಸಿದ. ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ: ‘ಹಣ ವಾಪಸಿಲ್ಲ’.

2020ರ ಲಾಕ್‌ಡೌನಿನಲ್ಲಿ ವಿಮಾನ ಕಂಪನಿಗಳೂ ಇದೇ ರಾಗ ಹಾಡಿದ್ದವು. ಅಕ್ಟೋಬರ್ 1ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಸಂಕಷ್ಟದಲ್ಲಿದ್ದ ಕಂಪನಿಗಳಿಗೆ ಕ್ರೆಡಿಟ್ ಕೊಡಲು ಬಿಟ್ಟಿತು. ಆದರೆ 2021ರ ಮಾರ್ಚ್ 31ರೊಳಗೆ ಬಳಸದೆ ಉಳಿದದ್ದನ್ನು ಹಣವಾಗಿಯೇ ಮರಳಿಸಬೇಕೆಂದಿತು.

ಇದನ್ನೆಲ್ಲ ಮೇಷ್ಟ್ರು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು.

“ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್. ಬಗ್ಗದಿದ್ರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ.”

“ನಮ್ಮ ಹೆಡ್ಡಾಫೀಸು ಮುಂಬೈಲಿ ಸಾರ್!”

“ಇರ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕ ವಾಸವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಟ್ಟಿದ್ದು 5 ಲಕ್ಷ ಮೀರದಿದ್ರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ.”

ಏಜೆಂಟ್ ಫ್ಯಾನು ಜೋರು ಮಾಡಿ ಕಾಫಿ ತರಿಸಿದ. “ಅರ್ಧ ದುಡ್ಡು, ಅರ್ಧ ಕ್ರೆಡಿಟ್?”

“ಕಾಫಿ ಬೇಕಾದ್ರೆ ಕ್ರೆಡಿಟ್ಟಿನಲ್ಲಿ ಕುಡೀತೀನಿ. ನೀನು ಚೆಕ್ಕು ಬರಿ.”